ಜ್ವರದ ಚೀಟಿಯೂ ಶುಗರ್ ಪುಸ್ತಕವೂ

ಕರ್ನಾಟಕದ ಕುಟುಂಬ ವೈದ್ಯರಿಗೆ ಹಾಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ವೈದ್ಯರೇ,

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯಿಂದ ವರದಿಯಾಯಿತು. ತೀರಿಕೊಂಡ ಹಿರಿಯರಿಗೆ ಮೊದಲಿನಿಂದಲೂ ರಕ್ತದೊತ್ತಡ ಮತ್ತು ಅಸ್ತಮಾ ಇದ್ದವು ಎಂಬ ಮಾತು ಕೇಂದ್ರ ಆರೋಗ್ಯ ಸಚಿವಾಲಯದ ಪ್ರಕಟಣೆಯಲ್ಲೇ ಸೇರಿತ್ತು. ಆಮೇಲೆ ನಮ್ಮ ರಾಜ್ಯದ ಆರೋಗ್ಯ ಇಲಾಖೆ ದಿನಾ ಹೊರಡಿಸುತ್ತಿದ್ದ ಪತ್ರಿಕಾ ಪ್ರಕಟಣೆಯನ್ನು ನೀವೂ ನೋಡಿದ್ದೀರಿ. ಮೃತಪಟ್ಟವರ ಪಟ್ಟಿಯಲ್ಲಿ ಜಿಲ್ಲೆ, ವಯಸ್ಸು, ಲಿಂಗ, ರೋಗಲಕ್ಷಣ, ಆಸ್ಪತ್ರೆಗೆ ಸೇರಿದ ದಿನ, ತೀರಿಕೊಂಡ ದಿನ ಇರುತ್ತಿದ್ದವು. ಅವುಗಳ ನಡುವೆ ಸಹಕಾಯಿಲೆಗೆಂದು ಒಂದು ಕಾಲಂ. ಅದರಲ್ಲಿ ಎರಡು ಮೂರು ಅಕ್ಷರಗಳು ಮಾತ್ರ: ಡಿಎಂ, ಎಚ್‌ಟಿಎನ್, ಐಎಚ್‌ಡಿ. ಮಧುಮೇಹ, ರಕ್ತದೊತ್ತಡ, ಹೃದಯದ ಕಾಯಿಲೆ. ಟಿವಿ ಮುಂದೆ ಕೂತ ನಾಡು ಆ ಅಕ್ಷರಗಳನ್ನು ಓದಿ ‘ಬೇರೆ ಕಾಯಿಲೆ ಇತ್ತಂತೆ’ ಎಂದು ಸಮಾಧಾನ ಮಾಡಿಕೊಂಡಿತು. ಆ ಸಮಾಧಾನ ತಪ್ಪಾಗಿತ್ತು ಎಂದು ಹೇಳುವುದಕ್ಕೇ ಈ ಪತ್ರ. ಸಾವಿಗೆ ಸಬೂಬಾಗಿ ಕೊನೆಯ ದಿನ ಬರೆದ ಆ ಅಕ್ಷರಗಳು ಜ್ವರ ಬಂದ ಮೊದಲ ದಿನವೇ ನಿಮ್ಮ ಕಣ್ಣಿಗೆ ಬೀಳಬೇಕಾದ ಎಚ್ಚರಿಕೆಯಾಗಿದ್ದವು.

ಯಾವ ವೈರಸ್ ಯಾವಾಗ ಬರುತ್ತದೆ, ಹೇಗೆ ರೂಪ ಬದಲಿಸುತ್ತದೆ ಎಂಬುದನ್ನು ಯಾರೂ ಮೊದಲೇ ಹೇಳಲಾರರು. ಆದರೆ ಊರಿನಲ್ಲಿ ಯಾರಿಗೆ ಸಕ್ಕರೆ ಕಾಯಿಲೆ ಇದೆ, ಯಾರಿಗೆ ಮೆಟ್ಟಿಲು ಹತ್ತಿದರೆ ಉಬ್ಬಸ ಬರುತ್ತದೆ, ಯಾರ ಹೃದಯಕ್ಕೆ ಸ್ಟೆಂಟ್ ಹಾಕಿದೆ, ಯಾರು ಡಯಾಲಿಸಿಸ್‌ಗೆ ಹೋಗುತ್ತಾರೆ, ಯಾರ ತೂಕ ನೂರು ಕಿಲೋ ದಾಟಿದೆ ಎಂಬುದು ನಿಮಗೆ ಮೊದಲೇ ಗೊತ್ತು. ಸಾಂಕ್ರಾಮಿಕದ ಇಡೀ ಲೆಕ್ಕದಲ್ಲಿ ಮುಂಚಿತವಾಗಿ ತಿಳಿದಿರುವ ಅಂಶಗಳು ಇಂಥ ಕೆಲವೇ. ಹಾಗಿದ್ದೂ ನಮ್ಮ ವ್ಯವಸ್ಥೆಯಲ್ಲಿ ಜ್ವರದ ಚೀಟಿ ಒಂದು ಕಡೆ, ಶುಗರ್ ಪುಸ್ತಕ ಇನ್ನೊಂದು ಕಡೆ. ಜ್ವರಕ್ಕೆಂದು ಬಂದವರ ಓಪಿಡಿ ಚೀಟಿಯಲ್ಲಿ ‘ಜ್ವರ 2 ದಿನ, ಕೆಮ್ಮು, ಮೈಕೈ ನೋವು’ ಎಂದಿರುತ್ತದೆ, ಕೆಳಗೆ ಪ್ಯಾರಾಸಿಟಮಾಲ್ ಇರುತ್ತದೆ. ಮೂರು ತಿಂಗಳ ಸರಾಸರಿ ಸಕ್ಕರೆ, ನುಂಗುವ ಮಾತ್ರೆ, ತಪ್ಪಿಸಿದ ತಪಾಸಣೆ ಎಲ್ಲವೂ ಎನ್‌ಸಿಡಿ ಕ್ಲಿನಿಕ್ಕಿನ ಪುಸ್ತಕದಲ್ಲಿರುತ್ತವೆ. ಎರಡೂ ಒಬ್ಬರದೇ ಕೈಚೀಲದಲ್ಲಿದ್ದರೂ ಮೇಜಿನ ಮೇಲೆ ಅಕ್ಕಪಕ್ಕ ಬರುವುದಿಲ್ಲ. ಉಸಿರು ಕಟ್ಟಿ ಜಿಲ್ಲಾಸ್ಪತ್ರೆಗೆ ಹೋದ ಮೇಲೆ, ಕೇಸ್ ಶೀಟು ಬರೆಯುವಾಗ, ಅವು ಮೊದಲ ಸಲ ಒಂದಾಗುತ್ತವೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಕಾಯಿಲೆಯ ಮೇಲೆ ಕಾಯಿಲೆ ಬಿದ್ದರೆ ಅಪಾಯ ಹೆಚ್ಚು ಎಂಬುದು ಹೊಸ ಮಾತಲ್ಲ. ಎಷ್ಟು ಹೆಚ್ಚು, ಯಾವುದರಿಂದ ಹೆಚ್ಚು ಎಂಬ ಲೆಕ್ಕ ಮಾತ್ರ ಈಚಿನದು. 2009ರ ಎಚ್1ಎನ್1 ಸಾಂಕ್ರಾಮಿಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆಸ್ಪತ್ರೆ ಸೇರಿದವರ ಮತ್ತು ಸತ್ತವರ ದಾಖಲೆ ತೆಗೆದು ನೋಡಿದಾಗ, ತೂಕದ ವಿವರ ಸಿಕ್ಕ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಬೊಜ್ಜಿತ್ತು. ಫ್ಲೂ ವಿಷಯದಲ್ಲಿ ದೇಹದ ತೂಕವನ್ನು ಅಪಾಯದ ಅಂಶವೆಂದು ಜಗತ್ತು ಗಂಭೀರವಾಗಿ ಎಣಿಸತೊಡಗಿದ್ದು ಆಗಲೇ. ಕೋವಿಡ್ ಬಂದಾಗ ಇಂಗ್ಲೆಂಡಿನಲ್ಲಿ ‘ಓಪನ್‌ಸೇಫ್ಲಿ’ ತಂಡ 1 ಕೋಟಿ 70 ಲಕ್ಷಕ್ಕೂ ಹೆಚ್ಚು ವಯಸ್ಕರ ವೈದ್ಯಕೀಯ ದಾಖಲೆಗಳನ್ನು 10,926 ಕೋವಿಡ್ ಸಾವುಗಳ ಜೊತೆ ಹೊಂದಿಸಿ ನೋಡಿತು. ವಯಸ್ಸು, ಲಿಂಗ, ಬಡತನ, ಇತರ ಕಾಯಿಲೆಗಳ ಪ್ರಭಾವವನ್ನು ಕಳೆದ ಮೇಲೂ ಬಿಎಂಐ 40 ದಾಟಿದವರಲ್ಲಿ ಸಾವಿನ ಅಪಾಯ ಸುಮಾರು 1.9 ಪಟ್ಟಿತ್ತು. ಮೂತ್ರಪಿಂಡದ ಕೆಲಸ ತೀರಾ ಕುಗ್ಗಿದವರಲ್ಲಿ ಅದು 2.5 ಪಟ್ಟು. ಈ ಪತ್ರಕ್ಕೆ ಎಲ್ಲಕ್ಕಿಂತ ಮುಖ್ಯವಾದ ಅಂಕಿ ಮಧುಮೇಹದ್ದು. ಮೂರು ತಿಂಗಳ ಸರಾಸರಿ ಸಕ್ಕರೆ, ಅಂದರೆ ಎಚ್‌ಬಿಎ1ಸಿ, 7.5ಕ್ಕಿಂತ ಕೆಳಗಿದ್ದ ಮಧುಮೇಹಿಗಳಲ್ಲಿ ಅಪಾಯ 1.3 ಪಟ್ಟು, ಅದಕ್ಕಿಂತ ಮೇಲಿದ್ದವರಲ್ಲಿ ಸುಮಾರು 1.95 ಪಟ್ಟು. ಕಾಯಿಲೆಯ ಹೆಸರು ಒಂದೇ. ಅದು ಹತೋಟಿಯಲ್ಲಿತ್ತೇ ಎಂಬುದರ ಮೇಲೆ ಅಪಾಯ ಏರಿಳಿಯಿತು.

ಇಲ್ಲಿ ನೀವು ಎತ್ತಬಹುದಾದ ಮೊದಲ ಆಕ್ಷೇಪ ನ್ಯಾಯವಾದದ್ದೇ. ಸತ್ತವರಲ್ಲಿ ಹೆಚ್ಚಿನವರು ವಯಸ್ಸಾದವರು, ವಯಸ್ಸಾದವರಿಗೆ ಬಿಪಿ, ಶುಗರ್ ಇರುವುದು ಸಹಜ, ಹಾಗಿರುವಾಗ ವಯಸ್ಸು ಮಾಡಿದ ಕೆಲಸವನ್ನು ಕಾಯಿಲೆಯ ತಲೆಗೆ ಕಟ್ಟುತ್ತಿಲ್ಲವೇ ಎಂದು ನೀವು ಕೇಳಬಹುದು. ವಯಸ್ಸಿನ ಮುಂದೆ ಉಳಿದೆಲ್ಲವೂ ಚಿಕ್ಕದು ಎಂಬುದು ನಿಜ. ಅದೇ ಇಂಗ್ಲೆಂಡಿನ ಅಧ್ಯಯನದಲ್ಲಿ 50ರ ಹರೆಯದವರಿಗೆ ಹೋಲಿಸಿದರೆ 80 ದಾಟಿದವರ ಅಪಾಯ 20 ಪಟ್ಟಿತ್ತು. ಎಲ್ಲ ಲೆಕ್ಕ ಕಳೆದ ಮೇಲೆ ರಕ್ತದೊತ್ತಡವೊಂದೇ ಸಾವಿನ ಅಪಾಯವನ್ನು ಏರಿಸಿದ್ದು ಕಾಣಲಿಲ್ಲ. ಆದ್ದರಿಂದ ಪಟ್ಟಿಯಲ್ಲಿದ್ದ ಎಲ್ಲ ಅಕ್ಷರಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಬರೀ ಶೇಕಡಾವಾರು ಲೆಕ್ಕವೂ ದಾರಿ ತಪ್ಪಿಸುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಕೋವಿಡ್‌ನಿಂದ ಆಸ್ಪತ್ರೆ ಸೇರಿದ ವಯಸ್ಕರಲ್ಲಿ ಶೇ 78 ಮಂದಿಗೆ ಅಧಿಕ ತೂಕ ಅಥವಾ ಬೊಜ್ಜಿತ್ತು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಆ ದೇಶದ ವಯಸ್ಕರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಜನ ಹಾಗೇ ಇದ್ದಾರೆ ಎಂದು ಗೊತ್ತಾದರೆ ಆ ಅಂಕಿಯ ಮೊನೆ ಮೊಂಡಾಗುತ್ತದೆ. ನಂಬಬೇಕಾದ ಸಾಕ್ಷ್ಯ ಅದೇ ವರದಿಯ ಇನ್ನೊಂದು ಕಡೆ ಇದೆ: ಬಿಎಂಐ 25ರ ಆಸುಪಾಸಿನಲ್ಲಿ ಅಪಾಯ ಅತಿ ಕಡಿಮೆ ಇತ್ತು, ತೂಕ ಏರಿದಂತೆ ಅದೂ ಮೆಟ್ಟಿಲು ಮೆಟ್ಟಿಲಾಗಿ ಏರಿತು. ಇಂಗ್ಲೆಂಡಿನ 69 ಲಕ್ಷ ಜನರ ಮತ್ತೊಂದು ಅಧ್ಯಯನವೂ ಇಂಥದೇ ಏರಿಕೆಯನ್ನು ಬಿಎಂಐ 23ರಿಂದಾಚೆಗೆ ಕಂಡಿತು. ಅದರಲ್ಲೂ ತೂಕದ ಪ್ರಭಾವ ಹೆಚ್ಚಾಗಿ ಕಂಡದ್ದು 40ರೊಳಗಿನವರಲ್ಲಿ. ವಯಸ್ಸೇ ಎಲ್ಲವನ್ನೂ ಮಾಡುತ್ತದೆ ಎಂಬ ವಾದಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಡ.

ತೂಕ ಹೇಗೆ ಉಸಿರಿಗೆ ಅಡ್ಡ ಬರುತ್ತದೆ ಎಂಬುದು ನಿಮಗೆ ಗೊತ್ತಿರುವ ವಿಷಯ. ಆದರೂ ಈ ಪತ್ರ ಓದುವ ರೋಗಿಗಳಿಗಾಗಿ ಒಂದು ಮಾತು ಹೇಳಬೇಕು. ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ತೆರೆಯಿದೆ. ಉಸಿರೆಳೆದಾಗ ಅದು ಕೆಳಗಿಳಿದು ಶ್ವಾಸಕೋಶಕ್ಕೆ ಜಾಗ ಬಿಡಬೇಕು. ಹೊಟ್ಟೆಯೊಳಗೆ ಕೊಬ್ಬು ತುಂಬಿದ್ದರೆ, ಅದರಲ್ಲೂ ಅಂಗಾತ ಮಲಗಿದಾಗ, ವಪೆ ಮೇಲಕ್ಕೆ ಒತ್ತಿಕೊಂಡೇ ಇರುತ್ತದೆ. ಶ್ವಾಸಕೋಶದ ತಳಭಾಗದ ಗಾಳಿಗೂಡುಗಳು ಪೂರ್ತಿ ಅರಳುವುದಿಲ್ಲ. ಆರೋಗ್ಯವಾಗಿರುವಾಗ ಇದು ಗಮನಕ್ಕೆ ಬರದು. ನ್ಯುಮೋನಿಯಾ ಆದಾಗ ಉಳಿದ ಗೂಡುಗಳೂ ನೀರು, ಕೀವಿನಿಂದ ಮುಚ್ಚಿಕೊಳ್ಳುತ್ತವೆ, ಆಗ ಕೈಯಲ್ಲಿ ಉಳಿತಾಯವೇ ಇರುವುದಿಲ್ಲ. ಇನ್ನೊಂದು ಕೆಲಸ ರಕ್ತದಲ್ಲಿ ನಡೆಯುತ್ತದೆ. ಕೊಬ್ಬಿನ ಅಂಗಾಂಶ ಸುಮ್ಮನೆ ಬಿದ್ದಿರುವ ಮೂಟೆಯಲ್ಲ. ಉರಿಯೂತ ಹುಟ್ಟಿಸುವ ರಾಸಾಯನಿಕಗಳನ್ನು ಅದು ಸದಾ ಸುರಿಸುತ್ತಿರುತ್ತದೆ. ವೈರಸ್ ಹೊಕ್ಕಾಗ ಮೊಳಗಬೇಕಾದ ಇಂಟರ್‌ಫೆರಾನ್ ಎಂಬ ಮೊದಲ ಗಂಟೆ ತಡವಾಗುತ್ತದೆ, ಆಮೇಲೆ ಏಳುವ ಉರಿ ಹದ ಮೀರುತ್ತದೆ. ನಿಕರಾಗುವದ ಮನಾಗುವಾ ನಗರದಲ್ಲಿ ಫ್ಲೂ ತಗುಲಿದ ಮನೆಗಳನ್ನು ಹಿಂಬಾಲಿಸಿ ನೋಡಿದಾಗ, ರೋಗಲಕ್ಷಣವಿದ್ದ ಬೊಜ್ಜಿನ ವಯಸ್ಕರ ಮೈಯಿಂದ ಇನ್‌ಫ್ಲುಯೆಂಜಾ-ಎ ವೈರಸ್ ಉಳಿದವರಿಗಿಂತ ಶೇ 42ರಷ್ಟು ಹೆಚ್ಚು ಕಾಲ ಹೊರಬೀಳುತ್ತಿತ್ತು.

ಮಧುಮೇಹದಲ್ಲಿ ಸುಳಿಯೇ ಬೇರೆ. ರಕ್ತದಲ್ಲಿ ಸಕ್ಕರೆ ಏರಿದ್ದರೆ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳು ಮಂಕಾಗುತ್ತವೆ. ಸೋಂಕು ತಾಗಿದೊಡನೆ ದೇಹ ಬಿಡುವ ಹಾರ್ಮೋನುಗಳು ಸಕ್ಕರೆಯನ್ನು ಮತ್ತಷ್ಟು ಏರಿಸುತ್ತವೆ. ಏರಿದ ಸಕ್ಕರೆ ಮತ್ತೆ ಸೋಂಕಿಗೆ ದಾರಿ ಬಿಡುತ್ತದೆ. ಬರಗಾಲದಲ್ಲಿ ಅಧಿಕಮಾಸ ಬಂದಂತೆ, ಇದ್ದ ಕಷ್ಟದ ಮೇಲೆ ಇನ್ನೊಂದು ಕಷ್ಟ. ಹೃದಯದ ಕಥೆಯನ್ನು ಕೆನಡಾದ ಒಂಟಾರಿಯೊ ಪ್ರಾಂತ್ಯದ ದಾಖಲೆಗಳು ಹೇಳುತ್ತವೆ. 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಫ್ಲೂ ಖಚಿತಪಟ್ಟ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಸಂಭವ ಉಳಿದ ಕಾಲಕ್ಕಿಂತ ಆರು ಪಟ್ಟಿತ್ತು. ‘ಜ್ವರ ಬಂದಿತ್ತು, ವಾಸಿಯಾಗುತ್ತಿತ್ತು, ಹಾರ್ಟ್ ಅಟ್ಯಾಕ್ ಆಗಿ ಹೋದರು’ ಎನ್ನುವಾಗ ನಾವು ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಹೇಳುತ್ತೇವೆ. ಬಹಳ ಸಲ ಅವು ಒಂದೇ ಸರಪಳಿಯ ಎರಡು ಕೊಂಡಿಗಳು. ಶ್ವಾಸನಾಳ ಮೊದಲೇ ಕಿರಿದಾಗಿರುವ ಸಿಒಪಿಡಿ ರೋಗಿಗೆ ಮಾಮೂಲಿ ನೆಗಡಿಯ ವೈರಸ್ಸೇ ಸಾಕು, ವಾರಗಟ್ಟಲೆ ಹಾಸಿಗೆ ಹಿಡಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಈ ಕಾಯಿಲೆ ಬೀಡಿ ಸೇದುವ ಗಂಡಸರಿಗೇ ಮೀಸಲಲ್ಲ. ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸೌದೆ ಒಲೆಯ ಮುಂದೆ ದಿನಕ್ಕೆ ಕಳೆದ ಗಂಟೆಗಳನ್ನು ವರ್ಷಗಳಿಂದ ಗುಣಿಸಿದಾಗ ಬರುವ ಸಂಖ್ಯೆ 60 ಮುಟ್ಟಿದರೆ ದೀರ್ಘಕಾಲದ ಶ್ವಾಸನಾಳದ ಉರಿಯೂತದ ಅಪಾಯ ಶುರುವಾಗುತ್ತದೆ ಎಂದು ತೋರಿಸಿತು. ದಿನಕ್ಕೆ ಮೂರು ಗಂಟೆಯಂತೆ 20 ವರ್ಷ ಅಡುಗೆ ಮಾಡಿದ ಯಾವ ತಾಯಿಯೂ ಆ ಗೆರೆ ಮುಟ್ಟಿದವಳೇ. ಆಕೆಯ ಚೀಟಿಯಲ್ಲಿ ‘ಸಹಕಾಯಿಲೆ ಇಲ್ಲ’ ಎಂದು ಬರೆಯುವ ಮುನ್ನ ಒಲೆಯ ಬಗ್ಗೆ ಒಂದು ಪ್ರಶ್ನೆ ಕೇಳಬೇಕಾದದ್ದು ಅದಕ್ಕಾಗಿಯೇ.

ಎರಡನೆಯ ಆಕ್ಷೇಪ, ಇವೆಲ್ಲ ಅಮೆರಿಕ, ಇಂಗ್ಲೆಂಡಿನ ದಪ್ಪ ಮೈಗಳ ಲೆಕ್ಕ, ನಮ್ಮವರು ಸಣಕಲರು ಎಂಬುದು. ಈ ನಂಬಿಕೆಯೇ ನಮಗೆ ಅಪಾಯಕಾರಿ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪಕ್ಕಪಕ್ಕ ನಿಂತ ತಮ್ಮದೇ ಚಿತ್ರ ಪ್ರಕಟಿಸಿದರು. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕರ ಮೈಯಲ್ಲಿ ಶೇ 21.2. ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ಕಟ್ಟಿಕೊಳ್ಳುವ ಮೈಕಟ್ಟು ನಮ್ಮದು. ಭಾರತೀಯರಿಗೆ ಅಧಿಕ ತೂಕದ ಗೆರೆಯನ್ನು ಬಿಎಂಐ 23ಕ್ಕೆ, ಸೊಂಟದ ಸುತ್ತಳತೆಯ ಗೆರೆಯನ್ನು ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರಿಗೆ ಎಳೆದಿರುವುದು ಇದೇ ಕಾರಣಕ್ಕೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ ದೇಶದ ವಯಸ್ಕರಲ್ಲಿ ಶೇ 11.4 ಮಂದಿಗೆ, ಅಂದರೆ ಸುಮಾರು 10 ಕೋಟಿ ಜನರಿಗೆ, ಮಧುಮೇಹವಿದೆ ಎಂದಿತು. ದೇಹದ ಒಟ್ಟಾರೆ ಬೊಜ್ಜು ಶೇ 28.6 ಮಂದಿಯಲ್ಲಿದ್ದರೆ ಹೊಟ್ಟೆಯ ಬೊಜ್ಜು ಶೇ 39.5 ಮಂದಿಯಲ್ಲಿತ್ತು. ತಕ್ಕಡಿ ಹೇಳದ್ದನ್ನು ಅಳತೆ ಟೇಪು ಹೇಳುತ್ತದೆ ಎಂಬುದಕ್ಕೆ ಈ ಎರಡು ಅಂಕಿಗಳ ನಡುವಿನ ಅಂತರವೇ ಸಾಕ್ಷಿ. ಇದರ ಜೊತೆಗೇ ನೆನಪಿಡಬೇಕಾದ ಇನ್ನೊಂದು ಅಂಚಿದೆ. ತೂಕ ತೀರಾ ಕಡಿಮೆ ಇದ್ದವರಲ್ಲೂ ಅಪಾಯ ಏರಿದ್ದನ್ನು ನಾನು ಮೇಲೆ ಹೇಳಿದ ಅಧ್ಯಯನಗಳೇ ತೋರಿಸಿವೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಮಹಿಳೆಯರಲ್ಲಿ ಸುಮಾರು ಶೇ 30 ಮಂದಿ ಅಧಿಕ ತೂಕದವರು, ಸುಮಾರು ಶೇ 17 ಮಂದಿ ತೂಕ ಸಾಲದವರು. ಒಂದೇ ತಾಲ್ಲೂಕಿನಲ್ಲಿ, ಕೆಲವು ಸಲ ಒಂದೇ ಮನೆಯಲ್ಲಿ, ಈ ಎರಡೂ ಅಂಚುಗಳು ನಿಮ್ಮ ಎದುರು ಕೂರುತ್ತವೆ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ಜ್ವರ ಬಂದವನ ತೂಕ ಇಳಿಸಲು ಆಗುತ್ತದೆಯೇ, ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆಯನ್ನು ಮೂರು ದಿನದಲ್ಲಿ ವಾಸಿ ಮಾಡಲು ಬರುತ್ತದೆಯೇ, ಬದಲಿಸಲಾಗದ್ದನ್ನು ತಿಳಿದು ಏನು ಪ್ರಯೋಜನ? ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲಾಗದು ಎಂಬುದು ಸರಿ. ಆದರೆ ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು, ಬೆಂಕಿ ಬೀಳುವ ಮುನ್ನ ಬಾವಿ ತೋಡುವುದು. ಅದು ವ್ಯರ್ಥವಲ್ಲ ಎಂಬುದಕ್ಕೆ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ಅಧ್ಯಯನವಿದೆ. ಬೊಜ್ಜಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ತೂಕ ಇಳಿಸಿದ್ದವರನ್ನು ಮಾಡಿಸಿಕೊಳ್ಳದವರೊಡನೆ ಹೋಲಿಸಿದಾಗ, ಕೋವಿಡ್ ಸೋಂಕು ಎರಡೂ ಗುಂಪಿಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಗುಲಿತ್ತು. ಆದರೆ ತೂಕ ಇಳಿಸಿದವರಲ್ಲಿ ಆಸ್ಪತ್ರೆ ಸೇರಿದವರು ಅರ್ಧದಷ್ಟು, ಕಾಯಿಲೆ ತೀವ್ರವಾದವರು ಶೇ 60ರಷ್ಟು ಕಡಿಮೆ. ವೈರಸ್ ಎರಡೂ ಮನೆಯ ಬಾಗಿಲನ್ನು ಒಂದೇ ರೀತಿ ತಟ್ಟಿತು, ಒಳಗೆ ಹೊಕ್ಕ ಮೇಲೆ ಮಾಡಿದ ಹಾನಿ ಬೇರೆಯಾಯಿತು. ಎಲ್ಲರೂ ಶಸ್ತ್ರಚಿಕಿತ್ಸೆಗೆ ಹೋಗಬೇಕು ಎಂದು ಇದರ ಅರ್ಥವಲ್ಲ. ದೇಹದ ಸ್ಥಿತಿ ಬದಲಾದರೆ ಅಪಾಯವೂ ಬದಲಾಗಬಲ್ಲದು ಎಂಬುದಷ್ಟೇ ಅದರ ಸೂಚನೆ. ಎರಡನೆಯ ಕೆಲಸ ಬೆಂಕಿ ಬಿದ್ದ ಮೇಲಿನದು: ಯಾವ ಮನೆಯ ಚಾವಣಿ ಹುಲ್ಲಿನದು ಎಂದು ತಿಳಿದಿದ್ದರೆ ನೀರಿನ ಬಿಂದಿಗೆ ಮೊದಲು ಅಲ್ಲಿಗೆ ಹೋಗುತ್ತದೆ. ತೂಕ ಬದಲಾಗದಿದ್ದರೂ ನೀವು ಆ ವ್ಯಕ್ತಿಯನ್ನು ನೋಡುವ ಹೊತ್ತು, ಮತ್ತೆ ಕರೆಸುವ ದಿನ, ಕೊಡುವ ಔಷಧ ಬದಲಾಗಬಲ್ಲವು.

ಫ್ಲೂ ವಿಷಯದಲ್ಲಿ ಇದು ಈಗಾಗಲೇ ಕಾಗದದ ಮೇಲಿದೆ. ಎಚ್1ಎನ್1 ಬಗ್ಗೆ ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ಮಾರ್ಗಸೂಚಿ ರೋಗಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಸಾಮಾನ್ಯ ಜ್ವರ, ಕೆಮ್ಮು ಇದ್ದರೂ ಮಧುಮೇಹ, ಹೃದಯ, ಶ್ವಾಸಕೋಶ, ಮೂತ್ರಪಿಂಡ, ಯಕೃತ್ತಿನ ಕಾಯಿಲೆ ಇದ್ದವರನ್ನು, ಗರ್ಭಿಣಿಯರನ್ನು, 65 ದಾಟಿದವರನ್ನು, ಬಹುಕಾಲದಿಂದ ಸ್ಟೀರಾಯ್ಡ್ ತೆಗೆದುಕೊಳ್ಳುವವರನ್ನು ಬಿ ಗುಂಪಿನ ಎರಡನೆಯ ವಿಭಾಗದಲ್ಲಿಟ್ಟು, ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಒಸೆಲ್ಟಮಿವಿರ್ ಶುರು ಮಾಡಿ ಎಂದಿತು. ಆ ಮಾತ್ರೆಗೆ ಹೆಚ್ಚು ಬಲವಿರುವುದು ರೋಗಲಕ್ಷಣ ಕಂಡ 48 ಗಂಟೆಯೊಳಗೆ. ನಮ್ಮ ಜನ ಮೊದಲ ದಿನ ಕಷಾಯ ಕುಡಿಯುತ್ತಾರೆ, ಎರಡನೆಯ ದಿನ ಮೆಡಿಕಲ್ ಶಾಪಿನ ಮಾತ್ರೆ ನುಂಗುತ್ತಾರೆ, ಮೂರನೆಯ ದಿನ ನಿಮ್ಮಲ್ಲಿಗೆ ಬರುತ್ತಾರೆ. ಅಂದರೆ ನಿಯಮ ಸರಿಯಾಗಿದ್ದರೂ ಗಡಿಯಾರ ನಮ್ಮ ಕೈಯಲ್ಲಿಲ್ಲ. ಅದನ್ನು ಕೈಗೆ ತಂದುಕೊಳ್ಳುವ ದಾರಿ ಒಂದೇ: ಶುಗರ್, ಉಬ್ಬಸ, ಹೃದಯದ ತಪಾಸಣೆಗೆ ಆರಾಮಾಗಿ ಬಂದ ದಿನವೇ ‘ನಿಮಗೆ ಜ್ವರ, ಕೆಮ್ಮು ಬಂದರೆ ಉಳಿದವರಂತೆ ಮೂರು ದಿನ ಕಾಯಬೇಡಿ, ಅಂದೇ ಬನ್ನಿ’ ಎಂದು ಬಾಯಿಬಿಟ್ಟು ಹೇಳಿ ಪುಸ್ತಕದಲ್ಲಿ ಬರೆದುಕೊಡುವುದು. ಜ್ವರದ ದಿನಗಳಲ್ಲಿ ಸಕ್ಕರೆಯನ್ನು ಎಷ್ಟು ಸಲ ನೋಡಬೇಕು, ಊಟ ಸೇರದಿದ್ದರೆ, ವಾಂತಿಯಾದರೆ ಯಾವ ಮಾತ್ರೆಯ ಬಗ್ಗೆ ನಿಮ್ಮನ್ನು ಕೇಳಬೇಕು, ಇನ್ಸುಲಿನ್ ತಾವಾಗಿ ನಿಲ್ಲಿಸಬಾರದು ಏಕೆ, ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ ಅಂಕಿ 94ಕ್ಕಿಂತ ಇಳಿದರೆ ಎಲ್ಲಿಗೆ ಹೋಗಬೇಕು, ಇಳಿಯದಿದ್ದರೂ ಉಸಿರು ಕಟ್ಟಿದರೆ ಏನು ಮಾಡಬೇಕು ಎಂಬ ನಾಲ್ಕು ಸಾಲುಗಳು ಸಾಕು.

ಹೀಗೆ ಬರೆದುಕೊಡದಿದ್ದಾಗ ಆ ಜಾಗವನ್ನು ವದಂತಿ ತುಂಬುತ್ತದೆ. 2020ರಲ್ಲಿ ಕೆಲವು ಬಗೆಯ ಬಿಪಿ ಮಾತ್ರೆಗಳು ಕೋವಿಡ್ ಅನ್ನು ತೀವ್ರಗೊಳಿಸುತ್ತವೆ ಎಂಬ ಭಯ ಹಬ್ಬಿತು. ಬ್ರೆಜಿಲ್‌ನಲ್ಲಿ 659 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆ ಮಾತ್ರೆ ನಿಲ್ಲಿಸಿ, ಇನ್ನೊಂದಕ್ಕೆ ಮುಂದುವರಿಸಿ ನೋಡಿದಾಗ ನಿಲ್ಲಿಸಿದ್ದರಿಂದ ಯಾವ ಲಾಭವೂ ಆಗಲಿಲ್ಲ. ಸ್ಟೀರಾಯ್ಡ್ ವಿಷಯದಲ್ಲಿ ನಾವು ತೆತ್ತ ಬೆಲೆ ಇದಕ್ಕಿಂತ ಘೋರ. ಬ್ರಿಟನ್ನಿನ ‘ರಿಕವರಿ’ ಪ್ರಯೋಗ 2020ರ ಜೂನ್‌ನಲ್ಲೇ ಸ್ಪಷ್ಟವಾಗಿ ಹೇಳಿತ್ತು: ಡೆಕ್ಸಾಮೆಥಾಸೋನ್ ವೆಂಟಿಲೇಟರಿನಲ್ಲಿದ್ದವರ ಸಾವನ್ನು ಮೂರನೆಯ ಒಂದರಷ್ಟು, ಆಮ್ಲಜನಕ ಬೇಕಾದವರ ಸಾವನ್ನು ಐದನೆಯ ಒಂದರಷ್ಟು ತಗ್ಗಿಸುತ್ತದೆ, ಆಮ್ಲಜನಕ ಬೇಡದವರಿಗೆ ಅದರಿಂದ ಪ್ರಯೋಜನವಿಲ್ಲ. ಆದರೂ 2021ರ ಎರಡನೆಯ ಅಲೆಯಲ್ಲಿ ಮನೆಯಲ್ಲೇ ಇದ್ದ ಮಧುಮೇಹಿಗಳಿಗೂ ಮೊದಲ ದಿನದಿಂದಲೇ ಸ್ಟೀರಾಯ್ಡ್ ಸಿಕ್ಕಿತು. ಸಕ್ಕರೆ ಹತೋಟಿ ತಪ್ಪಿತು. ಆ ವರ್ಷದ ಮೇ ತಿಂಗಳಲ್ಲಿ ಬ್ಲ್ಯಾಕ್ ಫಂಗಸ್ ಅನ್ನು ಅಧಿಸೂಚಿತ ರೋಗವೆಂದು ಘೋಷಿಸಬೇಕಾದ ಸ್ಥಿತಿ ಬಂತು. ವೈರಸ್ಸಿನಿಂದ ಪಾರಾದವರು ಕಣ್ಣು, ದವಡೆ ಕಳೆದುಕೊಂಡರು. ಅಲ್ಲಿ ಜ್ವರದ ಚೀಟಿ ಬರೆದ ಕೈ ಶುಗರ್ ಪುಸ್ತಕವನ್ನು ತೆರೆದಿದ್ದರೆ ಎಷ್ಟೋ ಮುಖಗಳು ಉಳಿಯುತ್ತಿದ್ದವು.

ಲಸಿಕೆಯ ಮಾತು ಬಂದಾಗ ಎರಡು ತಕರಾರು ಏಳುತ್ತವೆ. ಫ್ಲೂ ಲಸಿಕೆ ಪೂರ್ತಿ ರಕ್ಷಣೆ ಕೊಡುವುದಿಲ್ಲ, ಬೊಜ್ಜಿದ್ದವರಲ್ಲಂತೂ ಇನ್ನೂ ಕಡಿಮೆ ಎಂಬುದು ಒಂದು. ಅದು ನಿಜ. ಅಮೆರಿಕದ ನಾರ್ತ್ ಕೆರೊಲೈನಾದಲ್ಲಿ ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನದಲ್ಲಿ, ಲಸಿಕೆ ಪಡೆದ ಬೊಜ್ಜಿನವರಲ್ಲಿ ಫ್ಲೂ ಅಥವಾ ಫ್ಲೂನಂಥ ಜ್ವರ ಬಂದವರ ಪ್ರಮಾಣ, ಲಸಿಕೆ ಪಡೆದ ಸಹಜ ತೂಕದವರಿಗಿಂತ ಸುಮಾರು ಎರಡು ಪಟ್ಟಿತ್ತು. ಆದರೆ ಇದರಿಂದ ಲಸಿಕೆ ಬೇಡ ಎಂಬ ತೀರ್ಮಾನ ಹುಟ್ಟುವುದಿಲ್ಲ. ಲಸಿಕೆ ಹಾಕಿಸಿಕೊಂಡ ಮೇಲೂ ಜ್ವರ ಬಂದರೆ ಬೇಗ ಬನ್ನಿ ಎಂದು ಅವರಿಗೆ ಹೇಳಬೇಕು ಎಂಬುದಷ್ಟೇ ಹುಟ್ಟುತ್ತದೆ. ಹೃದಯದ ರೋಗಿಗಳಲ್ಲಿ ಲಾಭ ಇನ್ನೂ ನಿಚ್ಚಳ. ಹೃದಯಾಘಾತವಾಗಿ ಆಸ್ಪತ್ರೆಯಲ್ಲಿದ್ದವರು ಮತ್ತು ಹೆಚ್ಚಿನ ಅಪಾಯದ ಹೃದ್ರೋಗಿಗಳು ಸೇರಿ 2,571 ಮಂದಿಯ ಮೇಲೆ ಎಂಟು ದೇಶಗಳಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ವರ್ಷದೊಳಗಿನ ಸಾವು ಲಸಿಕೆ ಪಡೆಯದ ಗುಂಪಿನಲ್ಲಿ ಶೇ 4.9, ಪಡೆದ ಗುಂಪಿನಲ್ಲಿ ಶೇ 2.9. ನಮ್ಮ ನೆರೆಯ ಬಾಂಗ್ಲಾದೇಶವೂ ಆ ಎಂಟರಲ್ಲಿತ್ತು. ಎರಡನೆಯ ತಕರಾರು ದುಡ್ಡಿನದು. ವಯಸ್ಕರಿಗೆ ಫ್ಲೂ ಲಸಿಕೆ ರಾಷ್ಟ್ರೀಯ ಉಚಿತ ಲಸಿಕಾ ಕಾರ್ಯಕ್ರಮದಲ್ಲಿಲ್ಲ. ಕೂಲಿ ಮಾಡುವ ಮನೆಗೆ ಅದು ದುಬಾರಿ. ಕೊಳ್ಳಬಲ್ಲವರಿಗೆ ಮಳೆಗಾಲಕ್ಕೆ ಮುನ್ನ ನೆನಪಿಸುವ ಕೆಲಸ ನಿಮ್ಮದಾದರೆ, ಡಯಾಲಿಸಿಸ್, ಹೃದ್ರೋಗ, ಸಿಒಪಿಡಿ ಇರುವ ಬಡವರಿಗಾದರೂ ಸರ್ಕಾರ ಕೊಡಲಿ ಎಂದು ಕೇಳುವ ಕೆಲಸ ನಿಮ್ಮ ಸಂಘಗಳದ್ದು. ಆ ದನಿಗೆ ನಾಗರಿಕರಾದ ನಮ್ಮ ದನಿಯೂ ಸೇರುತ್ತದೆ.

ನಿಮ್ಮ ಹೊರೆ ನನಗೆ ಗೊತ್ತಿಲ್ಲದ್ದಲ್ಲ. ಮಳೆಗಾಲದ ಬೆಳಿಗ್ಗೆ ಓಪಿಡಿಯ ಸಾಲು ಗೇಟಿನಾಚೆ ಹೋಗಿರುವಾಗ ಪ್ರತಿಯೊಬ್ಬರ ಸೊಂಟ ಅಳೆದು ಇತಿಹಾಸ ಕೇಳಿ ಎಂದರೆ ಅದು ಆಗುವ ಮಾತಲ್ಲ. ಆದ್ದರಿಂದಲೇ ಈ ಕೆಲಸ ನಿಮ್ಮ ಕೋಣೆಯ ಹೊರಗೆ ಶುರುವಾಗಬೇಕು. ಚೀಟಿ ಮಾಡಿಸುವ ಕಿಟಕಿಯಲ್ಲೇ ‘ಶುಗರ್ ಇದೆಯೇ, ಉಬ್ಬಸ ಇದೆಯೇ, ಹೃದಯದ, ಕಿಡ್ನಿಯ ತೊಂದರೆ ಇದೆಯೇ’ ಎಂದು ಕೇಳಿ ಚೀಟಿಯ ಮೂಲೆಯಲ್ಲಿ ಒಂದು ಗುರುತು ಹಾಕಲು ಅರ್ಧ ನಿಮಿಷ ಸಾಕು. ಮನೆಮನೆಗೆ ಹೋಗಿ ಬಿಪಿ, ಶುಗರ್ ನೋಡುವ ಆಶಾ ಕಾರ್ಯಕರ್ತೆಯರ ಬಳಿ, ಸಮುದಾಯ ಆರೋಗ್ಯ ಅಧಿಕಾರಿಗಳ ಬಳಿ ಹೆಸರುಗಳ ಪಟ್ಟಿ ಈಗಾಗಲೇ ಇದೆ. ಊರಿನಲ್ಲಿ ಜ್ವರ ಹಬ್ಬಿದೆ ಎಂದ ವಾರ ಆ ಪಟ್ಟಿಯಲ್ಲಿರುವವರ ಮನೆಯ ಬಾಗಿಲಿಗೆ ಮೊದಲು ಹೋಗುವುದು ಹೊಸ ಯೋಜನೆಯಲ್ಲ, ಇರುವ ಪಟ್ಟಿಯ ಸರಿಯಾದ ಬಳಕೆ. ಎಲ್ಲರನ್ನೂ ಅಷ್ಟೇ ಹೊತ್ತು ನೋಡಲಾಗದು ಎಂಬುದೇ, ಯಾರನ್ನು ಹೆಚ್ಚು ಹೊತ್ತು ನೋಡಬೇಕು ಎಂದು ಮೊದಲೇ ಗೊತ್ತು ಮಾಡಿಕೊಳ್ಳಲು ಕಾರಣ.

ಕೊನೆಯ ಆತಂಕ ಮಾತಿನದು. ತೂಕದ ವಿಷಯ ಎತ್ತಿದರೆ ರೋಗಿ ನೊಂದುಕೊಳ್ಳುತ್ತಾರೆ, ಅಪಾಯದ ಮಾತಾಡಿದರೆ ಹೆದರುತ್ತಾರೆ ಎಂದು ನಿಮ್ಮಲ್ಲಿ ಕೆಲವರು ಹಿಂಜರಿಯುತ್ತೀರಿ. ಆ ಹಿಂಜರಿಕೆಯ ಹಿಂದೆ ಮರ್ಯಾದೆ ಇದೆ. ಆದರೆ ನೋಯಿಸುವುದು ಅಂಕಿಯಲ್ಲ, ಅದರ ಜೊತೆ ಬರುವ ದೂಷಣೆ. ‘ತಿಂದು ತಿಂದು ಮೈ ಬೆಳೆಸಿಕೊಂಡಿದ್ದೀರಿ’ ಎಂಬ ಒಂದು ಮಾತು ಸಾಕು, ಮುಂದಿನ ಸಲ ಜ್ವರ ಬಂದಾಗ ಆ ತಾಯಿ ನಿಮ್ಮ ಬಾಗಿಲಿಗೆ ಎರಡು ದಿನ ತಡವಾಗಿ ಬರುತ್ತಾರೆ. ಆ ಎರಡು ದಿನ ಎಷ್ಟು ಬೆಲೆಯವು ಎಂದು ಮೇಲೆ ನೋಡಿದೆವು. ಬೊಜ್ಜಿಗೆ ವಂಶವಾಹಿಗಳ ಪಾಲಿದೆ, ಕೂತು ಮಾಡುವ ಕೆಲಸದ ಪಾಲಿದೆ, ನಿದ್ದೆಗೆಟ್ಟ ಪಾಳಿಗಳ ಪಾಲಿದೆ, ತರಕಾರಿಗಿಂತ ಅಗ್ಗವಾಗಿ ಸಿಗುವ ಕರಿದ ತಿಂಡಿಯ ಪಾಲಿದೆ. ಅದನ್ನು ನಡತೆಯ ದೋಷವೆಂದು ನೋಡುವ ವೈದ್ಯರು ಅರ್ಧ ಸತ್ಯವನ್ನಷ್ಟೇ ನೋಡುತ್ತಾರೆ. ‘ನಿಮ್ಮ ಮೈಗೆ ಈ ಜ್ವರ ಸ್ವಲ್ಪ ಹೆಚ್ಚು ಕಷ್ಟ ಕೊಡಬಹುದು, ಅದಕ್ಕೇ ನಿಮ್ಮನ್ನು ನಾಳಿದ್ದು ಮತ್ತೆ ನೋಡುತ್ತೇನೆ’ ಎಂದರೆ ಅಪಾಯದ ಮಾತೂ ಕಾಳಜಿಯ ಮಾತಾಗುತ್ತದೆ. ಹೀಗೆ ಕೇಳಿಸಿಕೊಂಡವರು ಹೆದರುವುದಿಲ್ಲ, ಬರುತ್ತಾರೆ.

‘ಸಹಕಾಯಿಲೆ’ ಎಂಬ ಪದವನ್ನು ಬಿಡಿ ಎಂದು ನಾನು ಕೇಳುತ್ತಿಲ್ಲ, ಅದನ್ನು ಬರೆಯುವ ದಿನವನ್ನು ಬದಲಿಸಿ ಎಂದು ಕೇಳುತ್ತಿದ್ದೇನೆ. ಸಾವಿನ ಪಟ್ಟಿಯ ಕಾಲಮ್ಮಿನಲ್ಲಿ ಬರೆದ ಡಿಎಂ ಯಾರಿಗೂ ನೆರವಾಗದು. ಜ್ವರದ ಮೊದಲ ಚೀಟಿಯ ಮೂಲೆಯಲ್ಲಿ ಬರೆದ ಅದೇ ಎರಡಕ್ಷರ ಒಬ್ಬರನ್ನು ಎರಡು ದಿನ ಮೊದಲು ಮತ್ತೆ ಕರೆಸುತ್ತದೆ, ಬೇಡದ ಸ್ಟೀರಾಯ್ಡ್ ತಡೆಯುತ್ತದೆ, ಬೇಕಾದ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಡಿಸುತ್ತದೆ. ಮುಂದಿನ ವೈರಸ್ ಯಾವುದೆಂದು ನಮಗೆ ತಿಳಿಯದು, ಆದರೆ ಅದು ಯಾರನ್ನು ಹೆಚ್ಚು ಕಾಡುತ್ತದೆ ಎಂಬುದು ಬಹುಮಟ್ಟಿಗೆ ಇಂದೇ ನಿಮ್ಮ ಕಪಾಟಿನ ಪುಸ್ತಕಗಳಲ್ಲಿದೆ. ಈ ಮಳೆಗಾಲದಲ್ಲಿ ಜ್ವರವೆಂದು ಬಂದವರ ಕೈಚೀಲದಿಂದ ಆ ಇನ್ನೊಂದು ಪುಸ್ತಕವನ್ನೂ ಕೇಳಿ ತೆಗೆಸಿ. ಎರಡನ್ನೂ ಒಂದೇ ಮೇಜಿನ ಮೇಲೆ ತೆರೆದಿಟ್ಟು, ಆಮೇಲೆ ಔಷಧ ಬರೆಯಿರಿ.

ವಿಶ್ವಾಸದಿಂದ,

ನಿಮ್ಮ ಕೈಗುಣವನ್ನು ನಂಬಿದ ನಾಡಿನ ಒಬ್ಬ ನಾಗರಿಕ